ಗೀಟು ಎಳೆದ ಬೆಲೆಯ ಕರಾಮತ್ತು

ಪ್ರಶ್ನೆ: ಸೀರೆಯ ಚೀಟಿಯಲ್ಲಿ 4,000 ರೂಪಾಯಿಗೆ ಗೀಟು ಎಳೆದು ಕೆಳಗೆ 2,200 ಎಂದು ಬರೆದಿರುತ್ತಾರೆ. ಅದು ವ್ಯಾಪಾರದ ಉಪಾಯವೆಂದು ಗೊತ್ತಿದ್ದೂ ಅಗ್ಗವೆನ್ನಿಸುವುದೇಕೆ?

ಉತ್ತರ: ಮೊದಲು ಕಣ್ಣಿಗೆ ಬಿದ್ದ ಅಂಕಿ ಮನಸ್ಸಿನಲ್ಲಿ ಗೂಟ ಹೊಡೆದುಬಿಡುತ್ತದೆ. ಆಮೇಲಿನ ಲೆಕ್ಕವೆಲ್ಲ ಹಗ್ಗ ಕಟ್ಟಿದ ಹಸುವಿನಂತೆ ಅದರ ಸುತ್ತಲೇ. ತಮಾಷೆಯೆಂದರೆ, ಆ ಅಂಕಿಗೂ ವಿಷಯಕ್ಕೂ ಸಂಬಂಧವೇ ಇರಬೇಕಿಲ್ಲ. ಮನೋವಿಜ್ಞಾನಿಗಳಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರ ಲೇಖನದಲ್ಲಿ ಒಂದು ಪ್ರಯೋಗ ವಿವರಿಸಿದ್ದಾರೆ. ಜನರೆದುರು ಅಂಕಿಗಳ ಚಕ್ರ ತಿರುಗಿಸಿದರು. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಆಫ್ರಿಕಾದವು ಶೇಕಡ ಎಷ್ಟು, ಚಕ್ರ ತೋರಿಸಿದ್ದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರು. 10 ಕಂಡವರ ಮಧ್ಯಾಂಕ ಅಂದಾಜು ಶೇ. 25, 65 ಕಂಡವರದು ಶೇ. 45! ಸರಿಯಾಗಿ ಹೇಳಿದರೆ ಹಣ ಕೊಡುತ್ತೇವೆಂದರೂ ಈ ಸೆಳೆತ ತಗ್ಗಲಿಲ್ಲ. ಹಾಗಾಗಿ ನಿಮಗೆ ಗೊತ್ತಿದ್ದೂ ಹೀಗಾಗುವುದರಲ್ಲಿ ಆಶ್ಚರ್ಯವಿಲ್ಲ.

ಬಾಡಿಗೆ, ಸಂಬಳದ ಮಾತುಕತೆಯಲ್ಲೂ ಇದೇ ಕಥೆ. ಜಾಣತನ ಇದಕ್ಕೆ ಮದ್ದಲ್ಲ, ಮುಂಚಿನ ತಯಾರಿ ಕೊಂಚ ನೆರವಾದೀತು. ಅಂಗಡಿಗೆ ಹೊರಡುವ ಮೊದಲೇ ಎಷ್ಟು ಕೊಡಬಲ್ಲಿರೆಂದು ಬರೆದಿಟ್ಟುಕೊಳ್ಳಿ. ಚೀಟಿಯ ಮೇಲಿನ ಬೆಲೆಯನ್ನು ಆಮೇಲೆ ನೋಡಿ.