ಎರಡನೇ ಕುರ್ಚಿಯಲ್ಲಿ 33 ವರ್ಷ

ತಂಡ ಗೆದ್ದರೆ ಪೇಪರಿನಲ್ಲಿ ಯಾರ ಫೋಟೋ ಬರುತ್ತದೆ? ಗೋಲು ಹೊಡೆದವನದು, ಇಲ್ಲವಾದರೆ ಮುಖ್ಯ ಕೋಚ್‌ನದು. ಅವರ ಹಿಂದೆ ನಿಂತವನ ಹೆಸರು ನಾವು ಕೇಳುವುದೇ ಇಲ್ಲ. ಈ ವಾರ ಅಂಥ ಒಬ್ಬರ ಕತೆ ಹೇಳೋಣ ಅಂತ.

ಅವರು ಅಮೆರಿಕದ ಬಡ್ ಫೋಸ್ಟರ್. ಅಲ್ಲಿನವರು ಫುಟ್ಬಾಲ್ ಅನ್ನುವುದು ನಾವು ಕಾಲಲ್ಲಿ ಒದೆಯುವ ಆಟಕ್ಕಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ ಅದು. ಕಾಲೇಜು ತಂಡಗಳ ಪಂದ್ಯಕ್ಕೂ ಅಲ್ಲಿ ಸಾವಿರಾರು ಜನ ಸೇರ್ತಾರೆ.

ಫೋಸ್ಟರ್ ಮರ್ರೆ ಸ್ಟೇಟ್ ಕಾಲೇಜಿನಲ್ಲಿ ಆಡುತ್ತಿದ್ದಾಗ ಅವರಿಗೆ ಕಲಿಸಿದವರು ಫ್ರಾಂಕ್ ಬೀಮರ್. 1987ರಲ್ಲಿ ಬೀಮರ್ ವರ್ಜೀನಿಯಾ ಟೆಕ್ ತಂಡದ ಮುಖ್ಯ ಕೋಚ್ ಆದಾಗ ಶಿಷ್ಯನೂ ಸಹಾಯಕನಾಗಿ ಜೊತೆಗೆ ಹೋದರು. ಆರಂಭವೇನೂ ಸುಲಭ ಇರಲಿಲ್ಲ. ಮೊದಲ ವರ್ಷ ಎರಡೇ ಗೆಲುವು, ಒಂಬತ್ತು ಸೋಲು. 1992ರಲ್ಲೂ ಗೆದ್ದದ್ದು ಎರಡೇ. ಆದರೂ ಇಬ್ಬರೂ ಅಲ್ಲೇ ಉಳಿದರು. 1993ರಿಂದ ತಂಡದ ದಿಕ್ಕು ಬದಲಾಯಿತು.

1995ರಲ್ಲಿ ರಕ್ಷಣಾ ವಿಭಾಗದ ಹೊಣೆ ಫೋಸ್ಟರ್ ಹೆಗಲಿಗೆ ಬಂತು. ಆಗ ಶುರುವಾದದ್ದೇ ಬುತ್ತಿ ಡಬ್ಬಿಯ ಪದ್ಧತಿ. ಕಲ್ಲಿದ್ದಲು ಗಣಿಯ ಕಾರ್ಮಿಕರು ಊಟ ಒಯ್ಯುತ್ತಿದ್ದಂಥ ಹಳೇ ತಗಡಿನ ಡಬ್ಬಿ ಅದು. ಚೆನ್ನಾಗಿ ದುಡಿದ ಆಟಗಾರ ಅದನ್ನು ಹಿಡಿದು ಮೈದಾನಕ್ಕೆ ಬರಬೇಕು. ಅದೇ ಅವನಿಗೆ ಸಿಗುವ ಗೌರವ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

1999ರ ಋತುವಿನಲ್ಲಿ ತಂಡ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. ಎಲ್ಲರ ಬಾಯಲ್ಲೂ ಯುವ ಆಟಗಾರ ಮೈಕೆಲ್ ವಿಕ್ ಹೆಸರು. ಫೈನಲ್‌ನಲ್ಲಿ ಫ್ಲೋರಿಡಾ ಸ್ಟೇಟ್ 46-29ರಿಂದ ಗೆದ್ದಿತು. ಆ ಸೋಲಿನಲ್ಲಿ ಫೋಸ್ಟರ್ ಕಟ್ಟಿದ ರಕ್ಷಣೆಗೂ ಪಾಲಿತ್ತು. ಅವರು ಮತ್ತೆ ಕೆಲಸಕ್ಕೆ ಕೂತರು. 2006ರಲ್ಲಿ ಇಡೀ ದೇಶದಲ್ಲಿ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟದ್ದು ಅವರದೇ ತಂಡ. ಆ ವರ್ಷ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯಲ್ಸ್ ಪ್ರಶಸ್ತಿಯೂ ಅವರಿಗೆ ಬಂತು.

2015ರ ಋತುವಿನ ಬಳಿಕ ಬೀಮರ್ ನಿವೃತ್ತರಾದರು. ಆ ಕುರ್ಚಿಗೆ ಬಂದವರು ಹೊರಗಿನ ಜಸ್ಟಿನ್ ಫುವೆಂಟೆ. ಎಷ್ಟೋ ಜನ ಅಂಥ ಹೊತ್ತಲ್ಲಿ ಮುನಿಸಿಕೊಂಡು ಹೊರಟುಬಿಡ್ತಾರೆ. ಫೋಸ್ಟರ್ ಹೊಸಬರ ಕೈಕೆಳಗೂ ನಾಲ್ಕು ಋತು ದುಡಿದರು. 2019ರ ನವೆಂಬರ್‌ನಲ್ಲಿ ಅವರ ಕೊನೆಯ ತವರು ಪಂದ್ಯ. ಎದುರಾಳಿ ಪಿಟ್ಸ್‌ಬರ್ಗ್‌ಗೆ ಒಂದೇ ಒಂದು ಅಂಕ ಸಿಗಲಿಲ್ಲ, ಫಲಿತಾಂಶ 28-0. 33 ಋತು ಒಂದೇ ಕಾಲೇಜಿನಲ್ಲಿ ಕಳೆದ ಅವರು ಮುಖ್ಯ ಕೋಚ್ ಆಗಲೇ ಇಲ್ಲ.

‘ಇಷ್ಟು ವರ್ಷ ದುಡಿದೂ ಅಸಿಸ್ಟೆಂಟೇ?’ ಅಂತ ಮನೆಯ ಮಕ್ಕಳನ್ನು, ಅಳಿಯಂದಿರನ್ನು ನಾವು ಸುಲಭವಾಗಿ ಕೇಳಿಬಿಡ್ತೇವೆ. ಹುದ್ದೆಯ ಹೆಸರು ಕೇಳುವ ಮೊದಲು ಅವರು ಮಾಡುತ್ತಿರುವ ಕೆಲಸ ಎಂಥದ್ದು ಅಂತ ಒಮ್ಮೆ ವಿಚಾರಿಸೋಣ, ಅಲ್ವಾ?