ಒಂದು ಮೇಜು, ಮೂರು ವಯಸ್ಸು

ರೋಮ್ ನಗರದ ಹಳೆಯ ಅರಮನೆಗಳನ್ನು ನೋಡಲು ಹೋದವರಿಗೆ ಗೋಡೆಗೆ ಒತ್ತಿ ನಿಲ್ಲಿಸಿದ ಒಂದು ಬಗೆಯ ಮೇಜು ಕಣ್ಣಿಗೆ ಬೀಳದೆ ಇರದು. ಮೇಲೆ ಬಣ್ಣದ ಅಮೃತಶಿಲೆಯ ಹಾಸು, ಕೆಳಗೆ ಚಿನ್ನದಂತೆ ಹೊಳೆಯುವ ಕೆತ್ತನೆಯ ಕಾಲುಗಳು. ಹದ್ದು, ಮತ್ಸ್ಯಕನ್ಯೆ, ಸುರುಳಿ ಬಳ್ಳಿ ಎಲ್ಲವೂ ಅಲ್ಲಿ ಕಾಣಸಿಗುತ್ತವೆ. ‘ಕನ್ಸೋಲ್’ ಎಂದು ಕರೆಯಲಾಗುವ ಈ ಮೇಜು ಊಟಕ್ಕಲ್ಲ, ಬರವಣಿಗೆಗೂ ಅಲ್ಲ. 17 ಮತ್ತು 18ನೇ ಶತಮಾನಗಳ ಸಿರಿವಂತ ಮನೆತನಗಳು ತಮ್ಮ ವೈಭವ ತೋರಲೆಂದೇ ಮಾಡಿಸಿದ್ದು. ಗೋಡೆಯ ಕಡೆಗಿರುವ ಭಾಗ ಯಾರಿಗೂ ಕಾಣದ್ದರಿಂದ ಅಲ್ಲಿ ಸಾಮಾನ್ಯವಾಗಿ ಕೆತ್ತನೆಯೂ ಇರುವುದಿಲ್ಲ!

ಹೊಳೆಯುವ ಈ ಕಾಲುಗಳು ಅಪ್ಪಟ ಮರ. ಕೆತ್ತಿದ ಮರಕ್ಕೆ ಜಿಪ್ಸಂ ಪುಡಿ ಹಾಗೂ ಪ್ರಾಣಿಜನ್ಯ ಅಂಟು ಬೆರೆಸಿದ ಲೇಪವನ್ನು ಪದರ ಪದರವಾಗಿ ಬಳಿಯುತ್ತಿದ್ದರು. ಅದರ ಮೇಲೆ ನುಣುಪಾದ ಕೆಂಪು ಜೇಡಿಮಣ್ಣು, ಆಮೇಲೆ ಚಿನ್ನದ ರೇಕು. ಕೊನೆಗೆ ಅಗೇಟ್ ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತಿತ್ತು.

ಆದರೆ ನಿಜವಾದ ಕಥೆ ಇರುವುದು ಮೇಲಿನ ಕಲ್ಲಿನಲ್ಲಿ. ಇಂಥ ಹಾಸುಗಳಲ್ಲಿ ಕಾಣುವ ಹಳದಿ ಶಿಲೆ ಇಂದಿನ ಟುನೀಷಿಯಾದ್ದು, ಹಸಿರು ಶಿಲೆ ಗ್ರೀಸಿನ ಥೆಸಲಿ ಪ್ರಾಂತ್ಯದ್ದು, ನೇರಳೆಗೆಂಪಿನ ಪಾರ್ಫಿರಿ ಈಜಿಪ್ಟಿನ ಪೂರ್ವ ಮರುಭೂಮಿಯದ್ದು. ಇವನ್ನೆಲ್ಲ ಹಡಗಿನಲ್ಲಿ ತರಿಸಿಕೊಂಡವರು ಪ್ರಾಚೀನ ರೋಮನ್ನರು. ಸಾಮ್ರಾಜ್ಯ ಅಳಿದ ಮೇಲೆ ಆ ಕಲ್ಲು ಬರುವುದು ನಿಂತುಹೋಯಿತು. ಹಾಗಾದರೆ ಸಾವಿರ ವರ್ಷಗಳ ಬಳಿಕ ಮೇಜು ಮಾಡಿದವರಿಗೆ ಅದು ಸಿಕ್ಕಿದ್ದು ಎಲ್ಲಿಂದ?

ಪಾಳುಬಿದ್ದ ಪುರಾತನ ಕಟ್ಟಡಗಳಿಂದ. ಅಲ್ಲಿನ ಕಂಬಗಳನ್ನು, ನೆಲಹಾಸುಗಳನ್ನು ಕಿತ್ತು ತಂದು ಕೊಯ್ಯುತ್ತಿದ್ದರು. ಪ್ರಾಚೀನ ಕಟ್ಟಡಗಳನ್ನು ಕೆಡವಕೂಡದೆಂದು ಪೋಪ್ ಎರಡನೇ ಪಯಸ್ 1462ರಲ್ಲೇ ಆಜ್ಞೆ ಹೊರಡಿಸಿದ್ದರೂ ಈ ಲೂಟಿ ನಿಲ್ಲಲಿಲ್ಲ. ಕಲ್ಲು ದುರ್ಲಭವಾದ್ದರಿಂದ ಅದನ್ನು ತೆಳ್ಳಗೆ ಸೀಳಿ, ಸಾಧಾರಣ ಕಲ್ಲಿನ ಮೇಲೆ ಅಂಟಿಸುವ ಪದ್ಧತಿಯೂ ಬಂತು. 17ನೇ ಶತಮಾನದಲ್ಲಿ ಕಾರ್ಪಿ ಪಟ್ಟಣದ ಕುಶಲಕರ್ಮಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜಿಪ್ಸಂ, ಅಂಟು, ಬಣ್ಣ ಕಲಸಿ ‘ಸ್ಕಾಲಿಯೋಲ’ ಎಂಬ ನಕಲಿ ಅಮೃತಶಿಲೆಯನ್ನೇ ತಯಾರಿಸಿದರು.

ಮರಕ್ಕೆ ಹುಳು ಹಿಡಿಯುತ್ತದೆ, ಕಲ್ಲಿಗೆ ಆ ಭಯವಿಲ್ಲ. ಹೀಗಾಗಿ ಹಳೆಯ ಹಾಸಿಗೆ ಮುಂದಿನ ತಲೆಮಾರಿನವರು ಹೊಸ ಕಾಲು ಮಾಡಿಸಿದ್ದೂ ಉಂಟು. ಅಂಥ ಮೇಜಿನ ವಯಸ್ಸೆಷ್ಟು ಎಂದು ಕೇಳಿದರೆ ಉತ್ತರ ಮೂರು: ಕಲ್ಲನ್ನು ಗಣಿಯಿಂದ ತೆಗೆದ ಕಾಲ, ಅದನ್ನು ಹಾಸಾಗಿ ಕೊಯ್ದ ಕಾಲ, ಕಾಲುಗಳನ್ನು ಕೆತ್ತಿದ ಕಾಲ. ಇಂದು ವಸ್ತುಸಂಗ್ರಹಾಲಯಗಳು ಹಗ್ಗ ಕಟ್ಟಿ ಕಾಯುತ್ತಿರುವ ಈ ಸೊಬಗಿನ ಹಿಂದೆ ಯಾರೂ ಕಾಯದೇ ಹೋದ ಒಂದು ಕಟ್ಟಡವಿದೆ ಎಂಬುದನ್ನು ನೋಡುಗರು ಮರೆಯಬಾರದು.