ಊರಿನ ಆಸರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳು ಮಲಪ್ರಭೆಯ ಸೀಮೆಗೆ ಸೇರಿದ ಊರುಗಳು. ಇಲ್ಲಿಯ ಕರಿಮಣ್ಣು ಜೋಳ, ಹತ್ತಿಗಳನ್ನು ಬೆಳೆಯುವಂಥದು. ಆದರೆ ಮಳೆ ತಪ್ಪಿದರೆ ಬರ, ಹೊಳೆ ಉಕ್ಕಿದರೆ ನೆರೆ. ಬರ, ನೆರೆ, ರೋಗ, ಗುಳೆ ಇವುಗಳಲ್ಲಿ ಯಾವುದು ಎರಗಿದರೂ ಬಡವರ ಸಂಸಾರ ಚದುರಿ, ಮಕ್ಕಳು ನೆಲೆ ತಪ್ಪುತ್ತಾರೆ. ಅಂಥವರಿಗೆ ಈ ನಾಡಿನ ಜನ ಹೇಗೆ ಆಸರೆಯಾದರೆಂಬುದು ತಿಳಿಯತಕ್ಕ ಸಂಗತಿಯಾಗಿದೆ.

ಹಿಂದೆ ವಾರಾನ್ನವೆಂಬ ಪದ್ಧತಿಯಿತ್ತು. ಬಡ ವಿದ್ಯಾರ್ಥಿಯು ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ ಎಂದು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದನು. ಎಷ್ಟೋ ಜನರ ಓದು ಇದರಿಂದ ಸಾಗಿತು. ಆದರೆ ಊಟ ದೊರೆತರೂ ಮಲಗಲು ತಾಣ ದೊರೆಯುತ್ತಿರಲಿಲ್ಲ. ಪರಿಚಯವಾಗಲಿ ಜಾತಿಯ ಬೆಂಬಲವಾಗಲಿ ಇಲ್ಲದವನಿಗೆ ಯಾವ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ.

ಈ ಕೊರತೆಯನ್ನು ತುಂಬಿದವು ಉಚಿತ ಪ್ರಸಾದ ನಿಲಯಗಳು. ಬೈಲಹೊಂಗಲ ತಾಲೂಕಿನ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಅಂಥ ನಿಲಯವೊಂದನ್ನು ತೆರೆದರು. ಹಳ್ಳಿಗಳಿಂದ ಬಂದ ಬಡ ಹುಡುಗರಿಗೆ ಅಲ್ಲಿ ಅನ್ನ, ವಸತಿ, ಓದುವ ಅನುಕೂಲ ಒಟ್ಟಿಗೆ ದೊರೆತವು. ಬೆಳಗಾವಿಯ ಶಿವಬಸವನಗರವು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಇಂಥ ನಿಲಯಗಳಿಗೆ ಸುಗ್ಗಿಯಲ್ಲಿ ರೈತರು ಶಕ್ತ್ಯಾನುಸಾರ ಕಾಳುಕಡಿ ಕೊಡುತ್ತಿದ್ದರು. ಒಬ್ಬನು ಚೀಲ ಕೊಟ್ಟರೆ ಇನ್ನೊಬ್ಬನು ಸೇರು ಕೊಟ್ಟಾನು. ರಾಶಿಯಲ್ಲಿ ಸೇರಿದ ಮೇಲೆ ಯಾರ ಕಾಳು ಯಾವುದೆಂದು ಹೇಳುವುದು ಅಸಾಧ್ಯ. ಆದುದರಿಂದ ಉಂಡವನು ಯಾವನೊಬ್ಬನ ಹಂಗಿಗೂ ಒಳಗಾಗುತ್ತಿರಲಿಲ್ಲ. ಕಸ ಗುಡಿಸಿ, ನೀರು ತಂದು, ಪಂಕ್ತಿಯಲ್ಲಿ ಬಡಿಸಿ ತಾನೂ ದುಡಿಯುತ್ತಿದ್ದನು. ಹೊಟ್ಟೆ ತುಂಬಿದರೂ ತಲೆ ತಗ್ಗಲಿಲ್ಲ ಎಂಬುದೇ ಈ ವ್ಯವಸ್ಥೆಯ ಹಿರಿಮೆ.

ಆದರೆ ಇಂಥ ನಿಲಯಗಳು ಬಹುಕಾಲ ಹೆಚ್ಚಾಗಿ ಗಂಡುಮಕ್ಕಳಿಗೇ ಮೀಸಲಾಗಿದ್ದವು. ಸವದತ್ತಿಯ ಯಲ್ಲಮ್ಮನ ಗುಡ್ಡದ ಪರಿಸರದಲ್ಲಿ ಎಷ್ಟೋ ಹೆಣ್ಣುಮಕ್ಕಳು ದೇವದಾಸಿ ಪದ್ಧತಿಗೆ ಬಲಿಯಾದರು. ಕರ್ನಾಟಕವು 1982ರ ಕಾಯಿದೆಯಿಂದ ಅದನ್ನು ನಿಷೇಧಿಸಿತು. ಆದರೆ ನಿಷೇಧವೊಂದರಿಂದಲೇ ಅವರಿಗೆ ನೆಲೆ ಒದಗುವುದಿಲ್ಲ; ಓದಲು, ಬಾಳಲು ಭದ್ರವಾದ ವಸತಿಯೂ ಬೇಕು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹೊಳೆಸಾಲಿನಲ್ಲಿ ಅನೇಕ ಮನೆಗಳು ಬಿದ್ದವು. ಇಂಥ ವಿಪತ್ತಿನಲ್ಲಿ ನೆರೆಯೂರುಗಳಿಂದ ರೊಟ್ಟಿಯ ಗಂಟುಗಳು ಬರುವುದು ಈ ಸೀಮೆಯ ಸಹಜ ಧರ್ಮ. ಆದರೆ ರೊಟ್ಟಿ ಕೆಲವು ದಿನಗಳ ಮಾತು; ಓದುವ ಮಗುವಿಗೆ ವರ್ಷವಿಡೀ ನೆಲೆ ಬೇಕು.

ಇಂದು ಸರಕಾರದ ವಿದ್ಯಾರ್ಥಿನಿಲಯಗಳಿವೆ. 2015ರ ಬಾಲನ್ಯಾಯ ಕಾಯಿದೆಯಂತೆ ದಿಕ್ಕಿಲ್ಲದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಹಾಯವಾಣಿಯ ಸಂಖ್ಯೆ 1098. ಆದರೂ 18 ತುಂಬಿ ಬಾಲಮಂದಿರದಿಂದ ಹೊರಬಿದ್ದ ತರುಣನಿಗೆ ಬಾಡಿಗೆಗೆ ಕೋಣೆ ಕೊಡುವವರು, ಕಸುಬು ಕಲಿಸುವವರು, “ಉಂಡೆಯೇನಪ್ಪಾ?” ಎಂದು ಕೇಳುವವರು ಬೇಕು. ಕಾಯಿದೆಯು ಬಾಗಿಲನ್ನು ತೆರೆಯಬಲ್ಲದು. ಒಳಗೆ ಕರೆಯಬೇಕಾದವರು ಊರಿನವರೇ.